ಮೆಜೆಸ್ಟಿಕ್‌ನಿಂದ ಬೆಳ್ಳಂದೂರಿಗೆ, ನೀರಿನ ಹಿಂದೆ

ಸೆಪ್ಟೆಂಬರ್ ಸಂಜೆ, ಐದೂವರೆ. ಮೆಜೆಸ್ಟಿಕ್ ಬಳಿಯ ಶಾಂತಲಾ ಸಿಲ್ಕ್ಸ್ ವೃತ್ತದಲ್ಲಿ, ಅಂಗಡಿಯೊಂದರ ಶೀಟಿನ ಕೆಳಗೆ ಹತ್ತಾರು ಜನರ ನಡುವೆ ನೀವೂ ಒತ್ತಿಕೊಂಡು ನಿಂತಿದ್ದೀರಿ. ಮಳೆ ಹಿಡಿದು ಹತ್ತು ನಿಮಿಷವೂ ಆಗಿಲ್ಲ. ರಸ್ತೆಯಂಚಿನ ನೀರು ಆಗಲೇ ಬಸ್ ಟಿಕೆಟು, ಸೇವಂತಿಗೆ ದಳ, ಕಾಗದದ ಲೋಟಗಳನ್ನು ಹೊತ್ತು ಓಡುತ್ತಿದೆ. ಪೌರಕಾರ್ಮಿಕರೊಬ್ಬರು ಸಲಾಕೆ ತೂರಿಸಿ ಚರಂಡಿಯ ಜಾಲರಿ ಎತ್ತುತ್ತಾರೆ. “ಸ್ವಲ್ಪ ಆ ಕಡೆ ನಿಂತ್ಕೊಳಿ ಸಾರ್, ಇಲ್ಲಿ ಬಾಯಿ ತೆರ್ದಿದೆ” ಎನ್ನುತ್ತಲೇ ಮೊಣಕೈವರೆಗೆ ಕೈ ಇಳಿಸಿ, ಪ್ಲಾಸ್ಟಿಕ್ ಕವರುಗಳ ಗಂಟೊಂದನ್ನು ಎಳೆದು ಹಾಕುತ್ತಾರೆ. ನಿಂತಿದ್ದ ನೀರು ಗುಳುಗುಳು ಎಂದು ಒಳಗೆ ಬೀಳುತ್ತದೆ.

ಈ ವೃತ್ತದ ಆಸುಪಾಸಿನಲ್ಲೇ ಕೆ-100 ಶುರುವಾಗುತ್ತದೆ. ಕೋರಮಂಗಲ ಕಣಿವೆಯ ಮುಖ್ಯ ರಾಜಕಾಲುವೆಗೆ ಕಡತಗಳಲ್ಲಿರುವ ಹೆಸರು ಅದು. ಇಲ್ಲಿಂದ ಬೆಳ್ಳಂದೂರು ಕೆರೆಯವರೆಗೆ ಸುಮಾರು ಹತ್ತು ಕಿಲೋಮೀಟರ್. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ದೊಡ್ಡ ನದಿಯೊಂದೂ ಹತ್ತಿರವಿಲ್ಲದೆ, ದಿಣ್ಣೆಯ ಮೇಲೆ ಕೂತ ಊರು. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಹಿಡಿದು ಅರ್ಕಾವತಿ, ಕಾವೇರಿ ಸೇರುತ್ತದೆ. ಪೂರ್ವಕ್ಕೆ, ಈ ಕಣಿವೆಗೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ದಿಣ್ಣೆಯ ಮೇಲಿನ ಊರಲ್ಲಿ ನೆರೆ ಬರಬಾರದು, ಆದರೂ ಬರುತ್ತದೆ. ಯಾಕೆಂದು ತಿಳಿಯಬೇಕಾದರೆ ನೀರಿನ ಜೊತೆಗೇ ಇಳಿಯಬೇಕು. ಕೊಡೆ ಬಿಚ್ಚಿ.

ಕಲಾಸಿಪಾಳ್ಯ ದಾಟಿದ ಮೇಲೆ ಕಾಲುವೆ ಕಣ್ಣಿಗೆ ಬೀಳುತ್ತದೆ. ಎರಡೂ ಬದಿಗೆ ಗೋಡೆ, ನಡುವೆ ಕೆಂಪು ನೀರು. ಈ ಕಾಲುವೆಯನ್ನು ನಾಗರಿಕರು ದಂಡೆಯಲ್ಲಿ ನಡೆದಾಡುವ ಜಲಮಾರ್ಗವಾಗಿಸುವ ಯೋಜನೆಗೆ 175 ಕೋಟಿ ರೂಪಾಯಿ ಇಟ್ಟು 2021ರಲ್ಲಿ ಕೆಲಸ ಶುರು ಮಾಡಿದರು. ಅದರಲ್ಲಿ ಬೆವರಿಳಿಸಿದ್ದು ಗೋಡೆಯಲ್ಲ, ಒಳಚರಂಡಿ. ಬೇಸಿಗೆಯಲ್ಲಿ ರಾಜಕಾಲುವೆ ಒಣಗಿರಬೇಕು. ಹರಿಯುತ್ತಿದ್ದರೆ ಅದು ಮಳೆನೀರಲ್ಲ. ಆ ಕೊಳಚೆಯನ್ನು ಬೇರೆ ಪೈಪಿಗೆ ತಿರುಗಿಸದೆ ಕಾಲುವೆಯ ತಳಕ್ಕೆ ಕೈಹಾಕುವಂತೆಯೇ ಇಲ್ಲ. ಕಾಲುವೆ ಪಾಲಿಕೆಯದು, ಒಳಚರಂಡಿ ಜಲಮಂಡಳಿಯದು, ಪಕ್ಕದ ವಿದ್ಯುತ್ ಕಂಬ ಬೆಸ್ಕಾಂನದು. ಒಂದು ಕಿಲೋಮೀಟರ್ ಕೆಲಸಕ್ಕೆ ಮೂರು ಕಚೇರಿಗಳ ಕಡತ ಓಡಾಡಬೇಕು.

ಶಾಂತಿನಗರದ ಸೇತುವೆ ಹತ್ತಿರ ರೇನ್‌ಕೋಟ್ ತೊಟ್ಟ ಕಿರಿಯ ಎಂಜಿನಿಯರ್ ಒಬ್ಬರು ಟಾರ್ಚ್ ಹಿಡಿದು ಬಗ್ಗಿದ್ದಾರೆ. ಪಕ್ಕಕ್ಕೆ ಹೋಗಿ ನೀವೂ ಬಗ್ಗಿ ನೋಡಿ. ಸೇತುವೆಯ ಹೊಟ್ಟೆಯ ಕೆಳಗೆ ಅಡ್ಡಡ್ಡಕ್ಕೆ ನೀರಿನ ಪೈಪು, ಅದರ ಪಕ್ಕ ಕೇಬಲ್ಲಿನ ಕಟ್ಟು, ಕೇಬಲ್ಲಿಗೆ ಸಿಕ್ಕಿಕೊಂಡ ತೆಂಗಿನ ಗರಿ, ಗರಿಗೆ ಸಿಕ್ಕಿಕೊಂಡ ಹಾಸಿಗೆಯ ಚೂರು. ಈಚೆ ಬದಿಯ ನೀರು ಆಚೆ ಬದಿಗಿಂತ ಗೇಣುದ್ದ ಮೇಲಿದೆ. ಕಾಲುವೆ ಎಷ್ಟೇ ಅಗಲವಿರಲಿ, ಅದು ಸಾಗಿಸುವುದು ಅತ್ಯಂತ ಇಕ್ಕಟ್ಟಾದ ಮೋರಿಯೊಳಗೆ ಎಷ್ಟು ಹಿಡಿಸುತ್ತದೋ ಅಷ್ಟನ್ನೇ.

ಆ ಎಂಜಿನಿಯರ್ ಜೇಬಿನ ಪುಸ್ತಕದಲ್ಲಿ ಪೆನ್ಸಿಲ್ ಲೆಕ್ಕವೊಂದಿದೆ. ಒಂದು ಚದರ ಕಿಲೋಮೀಟರ್ ಜಾಗದಲ್ಲಿ ಗಂಟೆಗೆ 60 ಮಿಲಿಮೀಟರ್ ಮಳೆ ಬಿದ್ದರೆ, ಹೊಲವೂ ತೋಪೂ ಇದ್ದ ಕಾಲದಲ್ಲಿ ಸೆಕೆಂಡಿಗೆ ಸುಮಾರು 5 ಘನ ಮೀಟರ್ ನೀರು ಕಾಲುವೆಗೆ ಬರುತ್ತಿತ್ತು. ಅದೇ ಜಾಗಕ್ಕೆ ಡಾಂಬರು, ತಾರಸಿ, ಟೈಲ್ಸ್ ಹಾಕಿದ ಮೇಲೆ ಬರುವುದು 13 ಘನ ಮೀಟರ್. ಬೇಸಿಗೆಯಲ್ಲಿ ನಿಮ್ಮ ಬೀದಿಗೆ ಬರುವ 6,000 ಲೀಟರಿನ ಟ್ಯಾಂಕರನ್ನು ನೆನೆಯಿರಿ. ಅಂಥವು ಸೆಕೆಂಡಿಗೆ ಎರಡರಂತೆ ಬಂದು ಸುರಿದ ಹಾಗೆ. ಈ ಲೆಕ್ಕದಲ್ಲಿ ಮಳೆ ಬದಲಾಗಿಲ್ಲ, ನೆಲ ಬದಲಾಗಿದೆ.

ಎಷ್ಟು ಮಳೆಗೆ ಕಾಲುವೆ ಕಟ್ಟಬೇಕು ಎಂಬುದು ಮುಂದಿನ ಪ್ರಶ್ನೆ. ಕೇಂದ್ರ ಸರ್ಕಾರದ 2019ರ ಮಳೆನೀರು ಚರಂಡಿ ಕೈಪಿಡಿ, ಮಹಾನಗರಗಳ ಕೇಂದ್ರ ಭಾಗಕ್ಕೆ ಐದು ವರ್ಷಕ್ಕೊಮ್ಮೆ ಬರುವಂಥ ಮಳೆಯನ್ನು ಲೆಕ್ಕಕ್ಕೆ ಹಿಡಿಯಲು ಹೇಳುತ್ತದೆ. ಐವತ್ತು ವರ್ಷಕ್ಕೊಮ್ಮೆ ಬರುವ ಮಳೆಗೆ ಕಟ್ಟಬಹುದಲ್ಲ ಎಂದು ನಿಮಗೆ ಅನ್ನಿಸುತ್ತದೆ. ಕಟ್ಟಬಹುದು, ಆದರೆ ಅಷ್ಟು ಅಗಲದ ಜಾಗ ಬೇಕು, ಅಷ್ಟು ಮನೆಗಳು ಹೋಗಬೇಕು, ಅಷ್ಟು ಕೋಟಿ ಬೇಕು. ಹಾಗಾಗಿ ಪ್ರತಿ ಎಸ್ಟಿಮೇಟಿನೊಳಗೂ ಒಂದು ಒಪ್ಪಂದ ಅಡಗಿರುತ್ತದೆ: ಇಷ್ಟು ಮಳೆಯನ್ನು ಕಾಲುವೆ ನೋಡಿಕೊಳ್ಳುತ್ತದೆ, ಅದಕ್ಕೆ ಮೀರಿದ್ದು ರಸ್ತೆಗೆ ಬರುತ್ತದೆ. ಆ ಒಪ್ಪಂದವನ್ನು ಊರಿಗೆ ಯಾರೂ ಓದಿ ಹೇಳುವುದಿಲ್ಲ.

ಏಳು ಗಂಟೆ. ಕೋರಮಂಗಲದ ಎಸ್‌.ಟಿ. ಬೆಡ್ ಬಡಾವಣೆಗೆ ತಲುಪಿದ್ದೀರಿ. ಮಳೆ ಬಂದಾಗಲೆಲ್ಲ ಪತ್ರಿಕೆಯಲ್ಲಿ ಹೆಸರು ಬರುವ ಜಾಗ. ಮನೆಮನೆಯ ಗೇಟಿಗೂ ಮರಳಿನ ಚೀಲ. ಕಾರುಗಳನ್ನು ಎತ್ತರದ ರಸ್ತೆಗೆ ಸಾಗಿಸಿದ್ದಾರೆ. ಅಜ್ಜಿಯೊಬ್ಬರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮೂರನೇ ಮೆಟ್ಟಿಲು ಮುಳುಗಿದರೆ ಮೇಲಿನ ಮನೆಗೆ ಹೋಗುವುದೆಂದು ಕಾಯುತ್ತಿದ್ದಾರೆ. ಇಲ್ಲಿ ನೀರು ಮೇಲಿನಿಂದ ಮಾತ್ರ ಬರುತ್ತಿಲ್ಲ. ಮುಂದೆ ಕಾಲುವೆ ತುಂಬಿದ್ದರಿಂದ ಬೀದಿಯ ಚರಂಡಿಯೊಳಗಿನ ನೀರು ಹಿಮ್ಮುಖವಾಗಿ ಉಕ್ಕುತ್ತಿದೆ.

ಇಕ್ಕಟ್ಟು ಮೋರಿಯಲ್ಲಷ್ಟೇ ಅಲ್ಲ, ನಕ್ಷೆಯಲ್ಲೂ ಇದೆ. ಬೆಂಗಳೂರಿನ ಮಳೆನೀರು ನಿರ್ವಹಣೆ ಕುರಿತ ಸಿಎಜಿ ವರದಿ 2021ರಲ್ಲಿ ಬಂತು. ಕೋರಮಂಗಲ ಕಣಿವೆಯಲ್ಲಿ 1900ರ ಆಸುಪಾಸಿನಲ್ಲಿ 113 ಕಿಲೋಮೀಟರ್ ಇದ್ದ ಕಾಲುವೆಗಳು 2016-17ರ ಹೊತ್ತಿಗೆ 63 ಕಿಲೋಮೀಟರಿಗೆ ಇಳಿದವೆಂದು ಅದರಲ್ಲಿದೆ. ಕಾಣೆಯಾದ 50 ಕಿಲೋಮೀಟರಿನ ಮೇಲೆ ಇಂದು ಏನೇನೋ ನಿಂತಿದೆ. ತೆರವು ಮಾಡಬೇಕೆಂದರೆ ಭೂಮಾಪಕರು ಹಳೆಯ ಗ್ರಾಮ ನಕ್ಷೆ ಹಿಡಿದು ಅಳೆಯಬೇಕು, ಗೋಡೆಗೆ ಕೆಂಪು ಬಣ್ಣದ ಗುರುತು ಬೀಳಬೇಕು, ತಹಶೀಲ್ದಾರರ ಆದೇಶ ಆಗಬೇಕು, ಅಷ್ಟರಲ್ಲಿ ತಡೆಯಾಜ್ಞೆ ಬಂದಿರುತ್ತದೆ. 2016ರ ಆಗಸ್ಟ್‌ನಲ್ಲಿ ಅವನಿ ಶೃಂಗೇರಿ ನಗರದಲ್ಲಿ ಜೆಸಿಬಿಗಳು ಮನೆ ಕೆಡವಿದ್ದನ್ನು ಊರು ಮರೆತಿಲ್ಲ. ಮಂಜೂರಾದ ನಕ್ಷೆ, ಬ್ಯಾಂಕ್ ಸಾಲ, ಕಂದಾಯ ರಸೀದಿ ಎಲ್ಲ ಇಟ್ಟುಕೊಂಡಿದ್ದವರೂ ಬೀದಿಯಲ್ಲಿ ನಿಂತಿದ್ದರು. ಅನುಮತಿ ಕೊಟ್ಟ ಸಹಿಯ ಬೆಲೆಯನ್ನು ಸಹಿ ಹಾಕಿದವರು ಕಟ್ಟಲಿಲ್ಲ.

ಸೆಕೆಂಡಿಗೆ ಎರಡು ಮೀಟರಿನಂತೆ ಓಡಿದರೂ ಮೆಜೆಸ್ಟಿಕ್ ನೀರು ಒಂದೂವರೆ ಗಂಟೆಯೊಳಗೆ ಬೆಳ್ಳಂದೂರಿನಲ್ಲಿರುತ್ತದೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ನಿಮಗಿಂತ ಮೊದಲೇ ಅದು ತಲುಪಿದೆ. ಮೇಲೆ ಕಾಂಕ್ರೀಟ್ ಗೋಡೆ ನುಣುಪಾದಷ್ಟೂ ಕೆಳಗೆ ಕೆರೆಗೆ ಹೊತ್ತು ಕಡಿಮೆ. 2022ರ ಸೆಪ್ಟೆಂಬರ್ 4ರ ರಾತ್ರಿ ನಗರದಲ್ಲಿ 131.6 ಮಿಲಿಮೀಟರ್ ಮಳೆಯಾದಾಗ ಯಮಲೂರು, ಸರ್ಜಾಪುರ ರಸ್ತೆ, ಹೊರ ವರ್ತುಲ ರಸ್ತೆಗಳ ಕಡೆ ಐಟಿ ನೌಕರರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು, ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ದೋಣಿಯಲ್ಲಿ ಜನರನ್ನು ಕರೆತಂದರು. ಕೆರೆಗಳೆಲ್ಲ ಮೊದಲೇ ತುಂಬಿ ಕೋಡಿ ಬಿದ್ದಿದ್ದವು. ತೂಬಿಗೆ ಗೇಟು ಇದ್ದು, ಮಳೆಗೆ ಮುಂಚೆಯೇ ಕೆರೆಯನ್ನು ಅರ್ಧ ಇಳಿಸಿಟ್ಟುಕೊಂಡರೆ ಅದೇ ಕೆರೆ ನೆರೆ ತಡೆಯುತ್ತದೆ. ಹೊಸ ಕಾಲುವೆಗಿಂತ ಅದು ಎಷ್ಟೋ ಅಗ್ಗ.

ಈಗ ಮರುದಿನ ಬೆಳಿಗ್ಗೆ, ಪಾಲಿಕೆಯ ಸಭಾಂಗಣ. ಮೇಜಿನ ಮೇಲೆ ಫ್ಲಾಸ್ಕು, ಬಿಸ್ಕತ್ತು, ಎ-3 ಹಾಳೆಯಲ್ಲಿ ಕಾಮಗಾರಿಗಳ ಪಟ್ಟಿ. ನೀರು ಇಳಿಜಾರು ನೋಡಿ ಹರಿಯುತ್ತದೆ, ಹಣ ಪಟ್ಟಿ ನೋಡಿ ಹರಿಯುತ್ತದೆ. ಹಾಗಾಗಿ ನಿನ್ನೆ ರಾತ್ರಿಯ ನೆರೆಯ ಮುಂದಿನ ಅಧ್ಯಾಯ ನಡೆಯುವುದು ಇಲ್ಲಿಯೇ.

ದುಡ್ಡಿನ ಲೆಕ್ಕ ಹೀಗಿದೆ. ನಗರದ ರಾಜಕಾಲುವೆಗಳ ಒಟ್ಟು ಉದ್ದ ಸುಮಾರು 860 ಕಿಲೋಮೀಟರ್. ವಿಶ್ವ ಬ್ಯಾಂಕ್ ಸಾಲದಲ್ಲಿ ಕಾಲುವೆಗಳ ಪಾಲು 2,000 ಕೋಟಿ, ಅದರಲ್ಲಿ ಆಗಬೇಕಾದದ್ದು ಸುಮಾರು 174 ಕಿಲೋಮೀಟರ್. ಕಿಲೋಮೀಟರಿಗೆ ಹನ್ನೊಂದೂವರೆ ಕೋಟಿ. 15ನೇ ಹಣಕಾಸು ಆಯೋಗ ನಗರ ನೆರೆ ತಡೆಗೆಂದು ಏಳು ಮಹಾನಗರಗಳಿಗೆ 2,500 ಕೋಟಿ ಇಟ್ಟಿತು. ಬೆಂಗಳೂರಿನ ಪಾಲು 250 ಕೋಟಿ. ಇದೇ ದರ ಹಿಡಿದರೆ ಅದು 22 ಕಿಲೋಮೀಟರಿಗೆ ಮುಗಿಯಿತು. ರಾಜ್ಯದ ನಗರೋತ್ಥಾನ ಅನುದಾನ, ಆಸ್ತಿ ತೆರಿಗೆ ಮಿಕ್ಕಿದ್ದನ್ನು ತುಂಬಬೇಕು. ಒಂದೊಂದು ಹಣಕ್ಕೂ ಒಂದೊಂದು ಷರತ್ತು, ಒಂದೊಂದು ಗಡುವು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ಕಣಿವೆಗಳು ಮಾತ್ರ ಪಾಲಿಕೆಯ ಗಡಿ ನೋಡಿ ಹರಿಯುವುದಿಲ್ಲ.

ಹಣ ತುಂಡು ತುಂಡಾಗಿ ಬರುವುದರಿಂದ ಕೆಲಸವೂ ತುಂಡು ತುಂಡಾಗಿ ಹೋಗುತ್ತದೆ. ಪ್ರತಿ ಕ್ಷೇತ್ರಕ್ಕೂ ಒಂದಿಷ್ಟು ಗೋಡೆ. ಪಟ್ಟಿಯ ಮೇಲ್ಭಾಗದಲ್ಲಿ ಭೂಮಿಪೂಜೆಗೆ ಒದಗುವ ಕೆಲಸಗಳು. ಕೇಬಲ್ ಸಿಕ್ಕಿಕೊಂಡ ಸೇತುವೆ, ಕೆರೆಯ ತೂಬಿನ ಗೇಟು, ವರ್ಷವರ್ಷದ ಹೂಳೆತ್ತುವ ಟೆಂಡರ್ ತಳದಲ್ಲಿ. ಹೂಳೆತ್ತಿದ್ದಕ್ಕೆ ನಾಮಫಲಕ ಹಾಕುವಂತಿಲ್ಲವಲ್ಲ. ಸಾಲದ ಹಣದಲ್ಲಿ ಕಟ್ಟಿದ ಕಾಲುವೆಯಲ್ಲಿ ಎರಡೇ ಮಳೆಗಾಲಕ್ಕೆ ಮೊಣಕಾಲುದ್ದ ಹೂಳು ಕೂತರೆ, ಸಾಲದ ಕಂತು ಮಾತ್ರ ಪೂರ್ತಿ ಅಗಲಕ್ಕೇ ಕಟ್ಟಬೇಕು.

ತಳದ ಕೆಲಸಗಳ ವಿಷಯ ತೆಗೆದವರು ನಿನ್ನೆಯ ಅದೇ ಎಂಜಿನಿಯರ್. “ಸಾರ್, ಕೆಳಗಿನ ಮೋರಿ ಬಿಡಿಸದೆ ಮೇಲೆ ಅಗಲ ಮಾಡಿದ್ರೆ ನೆರೆಯನ್ನ ಎಸ್‌.ಟಿ. ಬೆಡ್‌ಗೆ ಬೇಗ ತಲುಪಿಸಿದ ಹಾಗಾಗುತ್ತೆ, ಅಷ್ಟೇ.” ಯಾರೋ ಕೆಮ್ಮುತ್ತಾರೆ. ಹಿರಿಯ ಅಧಿಕಾರಿ ಪೆನ್ನು ತೆಗೆದು ಪಟ್ಟಿಯ ಕ್ರಮಸಂಖ್ಯೆ 31ರ ಪಕ್ಕ ಒಂದು ಗುರುತು ಹಾಕಿಕೊಳ್ಳುತ್ತಾರೆ.

ಮುಂದಿನ ವಾರ್ಡ್ ಸಭೆಗೆ ಹೋದಾಗ ನೀವು ಕೇಳಬೇಕಾದದ್ದು ಇದಿಷ್ಟೇ. ನಮ್ಮ ಬೀದಿಗೆ ಎಷ್ಟು ಕೋಟಿ ಬಂತು ಎಂದಲ್ಲ. ನಮ್ಮ ನೀರು ಹೋಗುವ ದಾರಿಯಲ್ಲಿ ಅತಿ ಇಕ್ಕಟ್ಟಿನ ಜಾಗ ಯಾವುದು, ಅದು ಪಟ್ಟಿಯಲ್ಲಿ ಎಷ್ಟನೆಯದು, ಅದರ ಹೂಳಿಗೆ ಈ ವರ್ಷ ಎಷ್ಟು ಇಟ್ಟಿದ್ದೀರಿ?