ಕೇರಿಯ ಡಬ್ಬಿಗೆ ಏಳು ಪಾಲು

ನಮ್ಮೂರಿನ ಹಾಲಿನ ಡೇರಿಗೆ ಒಂದೇ ಒಂದು ಇಂಟರ್‌ನೆಟ್ ಲೈನ್ ಬರುತ್ತೆ. ಅಲ್ಲಿಂದ ವೈಫೈ ಡಬ್ಬಿಗಳು ಒಂದರಿಂದ ಒಂದಕ್ಕೆ ದಾಟಿಸಿಕೊಂಡು ಊರಿಗೆಲ್ಲ ನೆಟ್ ಕೊಡುತ್ತವೆ. ಇದಕ್ಕೆ ಮೆಶ್ ಅಂತ ಹೆಸರು. ನಮ್ಮ ಮನೆ ಡೇರಿ ಎದುರಿಗೇ ಇದೆ. ಕೇರಿ ಊರಾಚೆ, ಮೂರನೇ ಜಿಗಿತದಲ್ಲಿ. ತಿಂಗಳ ದುಡ್ಡು ಮಾತ್ರ ಎಲ್ಲರಿಗೂ ಸಮ.

ಸಂಜೆ ಏಳಾದರೆ ಕೇರಿಯಲ್ಲಿ ನೆಟ್ ನಿಂತೇ ಹೋಗುತ್ತಿತ್ತು. "ರೀಲ್ಸ್ ಜಾಸ್ತಿ ನೋಡ್ತೀರೇನೋ" ಅಂತ ನಾನೇ ಅಂದಿದ್ದೆ. ಸ್ಕಾಲರ್‌ಶಿಪ್ ಅರ್ಜಿ ತುಂಬಲು ಅಲ್ಲಿನ ಹುಡುಗಿಯೊಬ್ಬಳು ಎರಡು ಸಂಜೆ ನಮ್ಮ ಕಾಂಪೌಂಡಿನ ಹೊರಗೆ ಫೋನ್ ಹಿಡಿದು ನಿಂತಿದ್ದಳು. ಒಳಗೆ ಬಾ ಅನ್ನಲು ನನಗೆ ಮೂರನೇ ದಿನ ಬೇಕಾಯಿತು.

ಆಮೇಲೆ ಕೂತು ಓದಿದೆ. ಒಂದು ಚಾನೆಲ್‌ನಲ್ಲಿ ಒಂದು ಡಬ್ಬಿ ಮಾತಾಡುವಾಗ ಅಕ್ಕಪಕ್ಕದವು ಸುಮ್ಮನಿರಬೇಕು. ಗಾಳಿ ಖಾಲಿಯಾದಾಗ ಪ್ರತಿ ಡಬ್ಬಿಯೂ ಸಾಮಾನ್ಯವಾಗಿ 0ಯಿಂದ 15ರೊಳಗೆ ಒಂದು ಚೀಟಿ ಎತ್ತಿ, ಅಷ್ಟು ಎಣಿಸಿ ಮಾತಾಡುತ್ತೆ. ಡಿಕ್ಕಿಯಾದರೆ ಚೀಟಿ 31ರವರೆಗೆ, ಮತ್ತೆ ಆದರೆ 63ರವರೆಗೆ. ಮೋಸವೇನಿಲ್ಲ. ಆದರೆ ಪಾಳಿ ಸಿಗೋದು ಡಬ್ಬಿಗೆ, ಮನೆಗಲ್ಲ. ನಮ್ಮ ಡಬ್ಬಿಗೆ ಒಂದು ಮನೆ, ಕೇರಿಯ ಡಬ್ಬಿಗೆ ಏಳು. ಅವರ ಒಂದು ಫೋಟೊ ಡೇರಿ ಮುಟ್ಟಲು ಅದೇ ಚಾನೆಲ್‌ನಲ್ಲಿ ಮೂರು ಸಲ ಹಾರಬೇಕು. ಸಾಲದ್ದಕ್ಕೆ ನಡುವೆ ದೇವಸ್ಥಾನದ ಕಲ್ಲುಗೋಡೆ. ನಾವು ಮಾತಾಡೋದು ಅವರ ಡಬ್ಬಿಗೆ ಕೇಳಿಸಲ್ಲ. ಖಾಲಿ ಇದೆ ಅಂದುಕೊಂಡು ಅದು ಕಳಿಸಿದ್ದು ನಡುವಿನ ಡಬ್ಬಿಯಲ್ಲಿ ನಮ್ಮ ಸದ್ದಿಗೆ ಸಿಕ್ಕಿ ಹಾಳಾಗುತ್ತೆ. ನಮ್ಮದು ಪಕ್ಕದ ಡೇರಿಗೆ ಆರಾಮಾಗಿ ಸೇರುತ್ತೆ. ಕಾಯುವ ಶಿಕ್ಷೆ ಅವರಿಗೆ.

ಡೇರಿ ಮುಂದೆ ಸಭೆ ಸೇರಿತು. "ಅವರ ಸಿಗ್ನಲ್ ವೀಕು, ಅದರಿಂದ ನಮ್ಮದೂ ಸ್ಲೋ, ಆ ಲೈನ್ ತೆಗೀರಿ" ಅಂದರು ಒಬ್ಬ ಹಿರಿಯರು. ಕಾರಣ ಸುಳ್ಳಲ್ಲ. 2003ರಲ್ಲೇ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು ತೋರಿಸಿದ್ದರು: ಒಂದು ಸಾಧನ 1 ಮೆಗಾಬಿಟ್‌ನಲ್ಲಿ ಎಳೆದೆಳೆದು ಮಾತಾಡಿದರೆ, 11ರಲ್ಲಿ ಮಾತಾಡುವವರೂ 1ಕ್ಕಿಂತ ಕೆಳಗಿಳಿಯುತ್ತಾರೆ. ಪಾಳಿ ಸಮ, ಹಿಡಿಯುವ ಹೊತ್ತು ಸಮವಲ್ಲ. ಹಾಗಾದರೆ ಹೊತ್ತನ್ನೇ ಸಮ ಹಂಚೋಣ, ಅದಕ್ಕೆ ಸಾಫ್ಟ್‌ವೇರ್ ಇದೆ ಅಂದೆ ನಾನು, ದೊಡ್ಡ ಜಾಣನ ಹಾಗೆ.

ಕೇರಿಯ ಒಬ್ಬ ಅಕ್ಕ ಕೇಳಿದಳು, "ಹಂಗಾದ್ರೆ ನಿಧಾನದೋರಿಗೆ ಇನ್ನೂ ಕಮ್ಮಿ ಬರಲ್ವಾ?"

ಬರುತ್ತೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೆ ಕೇರಿಯ ಡಬ್ಬಿಯನ್ನು ಬೇವಿನ ಮರದ ಹಿಂದಿನಿಂದ ನೀರಿನ ಟ್ಯಾಂಕಿನ ಮೇಲೆ ಏರಿಸಿದೆವು. ಡಬ್ಬಿ ಡಬ್ಬಿಗಳ ನಡುವಿನ ದಾರಿಗೆ ಬೇರೆ ಚಾನೆಲ್‌ನ ಎರಡನೇ ರೇಡಿಯೊ ಹಾಕಿದೆವು. ಜಗಳ ಆಗಿದ್ದು ಮೂರನೆಯದಕ್ಕೆ: ಸಂಜೆ ಹೊತ್ತು ಡೇರಿಯಲ್ಲೇ ಮನೆ ಲೆಕ್ಕದಲ್ಲಿ ಪಾಲು. ಕೇರಿಯ ಡಬ್ಬಿಗೆ ಏಳು, ನಮ್ಮದಕ್ಕೆ ಒಂದು.

ಈಗ ಅಪ್ಪ ಕ್ರಿಕೆಟ್ ನೋಡುವಾಗ ಆಗಾಗ ಚಕ್ರ ತಿರುಗುತ್ತೆ, ನನ್ನ ಕಡೆ ನೋಡಿ ಗೊಣಗುತ್ತಾರೆ. ಎರಡನೇ ರೇಡಿಯೊದ ದುಡ್ಡು ಯಾರು ಕೊಡಬೇಕು ಅನ್ನೋದು ಇನ್ನೂ ತೀರ್ಮಾನವಾಗಿಲ್ಲ.