ಮಂಗಟ್ಟೆಯ ಬಾಣಂತನ, ಸಿಂಗಳೀಕದ ತವರು

ಬಾಣಂತನದ ಮಾತು ಬಂದಾಗಲೆಲ್ಲ ನನಗೆ ನಮ್ಮ ಉತ್ತರ ಕನ್ನಡದ ಕಾಡಿನ ಇಬ್ಬರು ತಾಯಂದಿರು ನೆನಪಾಗುತ್ತಾರೆ. ಒಬ್ಬಳು ದೊಡ್ಡ ಮಂಗಟ್ಟೆ ಹಕ್ಕಿ, ಇನ್ನೊಬ್ಬಳು ಸಿಂಗಳೀಕ. ಇಬ್ಬರ ವಾಸವೂ ಹೆಮ್ಮರಗಳ ನೆತ್ತಿಯಲ್ಲೇ. ಅತ್ತಿ, ಆಲದ ಜಾತಿಯ ಹಣ್ಣೆಂದರೆ ಇಬ್ಬರಿಗೂ ಪ್ರಾಣ. ಸಂಸಾರದ ರೀತಿ ಮಾತ್ರ ಉತ್ತರ ದಕ್ಷಿಣ.

ಮೊಟ್ಟೆಯಿಡುವ ಕಾಲಕ್ಕೆ ಮಂಗಟ್ಟೆ ಹೆಣ್ಣು ಹಳೆಯ ಮರದ ಪೊಟರೆ ಹೊಕ್ಕು, ತನ್ನ ಹಿಕ್ಕೆಯನ್ನೇ ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತಾಳೆ. ಉಳಿಯುವುದು ಕೊಕ್ಕು ಚಾಚುವಷ್ಟು ಸೀಳು. ಒಂದೋ ಎರಡೋ ಮೊಟ್ಟೆ. ಕಾವಿಗೇ ಸುಮಾರು 40 ದಿನ ಬೇಕು. ಒಳಗಿದ್ದಾಗಲೇ ಹಾರುವ ಗರಿಗಳೂ ಉದುರುತ್ತವೆ. ಗಂಡು ಗಂಟಲಲ್ಲಿ ಹಣ್ಣು ತುಂಬಿ ತಂದು, ಒಂದೊಂದಾಗಿ ಹೊರತೆಗೆದು ಆ ಸೀಳಿನಲ್ಲಿ ಉಣಿಸುತ್ತಾನೆ.

"ಇಂಥ ಗಂಡ ಯಾರಿಗುಂಟು ಹೇಳಿ!" ಎಂದು ನಮ್ಮ ಮಹಿಳಾ ಮಂಡಲದಲ್ಲಿ ಒಬ್ಬರು ನಿಟ್ಟುಸಿರಿಟ್ಟರು. ನಿಜವೇ. ಆದರೆ ಅವನೇ ಬೇಟೆಗಾರನ ಗುಂಡಿಗೆ ಬಿದ್ದರೆ? ಒಳಗಿರುವವಳಿಗೆ ಸುದ್ದಿ ಮುಟ್ಟಿಸುವವರಾರು? ಹಸಿದ ಮರಿ ಪಕ್ಕದಲ್ಲಿ, ಹಾರಲು ಗರಿಯಿಲ್ಲ. ಅದನ್ನು ನೆನೆದರೆ ನನಗೆ ಎದೆ ಧಸಕ್ಕೆನ್ನುತ್ತದೆ.

ಸಿಂಗಳೀಕದ ತಾಯಿಗೆ ಕೂತಲ್ಲಿ ಊಟ ತರುವವರಿಲ್ಲ. ಒಂದೇ ಮರಿಯನ್ನು ಹೊಟ್ಟೆಗೆ ಅವುಚಿಕೊಂಡು ಕೊಂಬೆಯಿಂದ ಕೊಂಬೆಗೆ ಹಾರುತ್ತ ತನ್ನ ಹಣ್ಣನ್ನು ತಾನೇ ಕೀಳಬೇಕು. ಆದರೂ ಅವಳು ಒಂಟಿಯಲ್ಲ. ಅವರಲ್ಲಿ ಬೆಳೆದ ಮೇಲೆ ಮನೆ ಬಿಡುವವನು ಗಂಡು! ಹೆಣ್ಣು ಹುಟ್ಟಿದ ಗುಂಪಿನಲ್ಲೇ, ಅಮ್ಮ, ಅಕ್ಕತಂಗಿಯರ ನಡುವೆಯೇ ಬಾಳುತ್ತಾಳೆ. ಒಂದು ಹೆರಿಗೆಗೂ ಇನ್ನೊಂದಕ್ಕೂ ಸಾಮಾನ್ಯವಾಗಿ ಎರಡು ವರ್ಷಕ್ಕೂ ಹೆಚ್ಚಿನ ಅಂತರ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳಿಗೆ ಈಗ ಏಳು ತಿಂಗಳು. ಕೆಲಸ ಬಿಟ್ಟು ಮನೆಯಲ್ಲಿರಲಿ ಎಂದು ಅವಳ ಅತ್ತೆ, ಬಿಡಲಾರೆ ಎಂದು ಇವಳು. "ನೀನೇನು ಹೇಳ್ತೀಯಮ್ಮಾ?" ಎಂದು ಫೋನು ಮಾಡಿದಳು. ನಾನು ಈ ಇಬ್ಬರ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಗಂಡ ಮಂಗಟ್ಟೆಯಂಥವನಾಗಲಿ, ತವರು ಸಿಂಗಳೀಕದಂಥದ್ದಾಗಲಿ. ಬಾಗಿಲು ಮಾತ್ರ ತೆರೆದಿರಲಿ." ಇದರಲ್ಲಿ ಅತಿಯಾಸೆ ಏನಿದೆ? ಮುಂದಿನ ವಾರ ನಾನೇ ಬೆಂಗಳೂರಿಗೆ ಹೊರಟಿದ್ದೇನೆ.

ಆ ಕಾಡಿನ ತಾಯಂದಿರಿಗೆ ಬೇಕಾದದ್ದೂ ಬಹಳವಿಲ್ಲ. ಒಬ್ಬಳಿಗೆ ಪೊಟರೆಯಿರುವ ಮುದಿಮರ, ಇನ್ನೊಬ್ಬಳಿಗೆ ಕೊಂಬೆಗೆ ಕೊಂಬೆ ತಾಗುವ ಕಾಡು. 2011ರಲ್ಲಿ ಸರ್ಕಾರ ದಾಂಡೇಲಿಯ ಕಡೆ ಮಂಗಟ್ಟೆಗೂ, ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕಕ್ಕೂ ಕಾಡನ್ನು ಮೀಸಲಿಟ್ಟಿತು. ಒಳ್ಳೆಯದೇ. ಆದರೆ ಮೀಸಲಿನ ಗಡಿ ಹಕ್ಕಿಗೇನು ಗೊತ್ತು? ಟೊಳ್ಳು ಮರ, ಕೆಲಸಕ್ಕೆ ಬಾರದು ಎಂದು ಕೊಡಲಿ ಎತ್ತುವವರು ಒಮ್ಮೆ ತಲೆಯೆತ್ತಿ ನೋಡಲಿ. ಒಳಗೊಬ್ಬ ಬಾಣಂತಿ ಇರಬಹುದು.