ಆನೆ ಹಿಡಿಸದ ಹಾಳೆ

ಹಳೆಯ ಸಿನಿಮಾ ಪೋಸ್ಟರನ್ನು ಬೇರೆ ಅಳತೆಗೆ ಕೂರಿಸಿ ಬಿಡಿಸುವುದು ನನ್ನ ಭಾನುವಾರದ ಚಟ. ಮೈಸೂರಿನ ಬನ್ನಿಮಂಟಪದ ನಮ್ಮ ಮನೆಯಲ್ಲಿ ಊಟದ ಮೇಜೇ ಅದರ ಸ್ಟುಡಿಯೋ. “ರೀ, ಪೋಸ್ಟರ್ ಎತ್ತುತ್ತೀರೋ, ಅದರ ಮೇಲೇ ಸಾರು ಬಡಿಸಲೋ?” ಎಂಬುದು ನನ್ನವಳ ಕೊನೆಯ ಎಚ್ಚರಿಕೆ.

ಈ ಚಟಕ್ಕೆ ಗುರುಗಳು, ಅಮೆರಿಕದ ಪೋಸ್ಟರನ್ನು ತಮ್ಮ ಕಿರಿದಾದ ಹಾಳೆಗೆ ಕೂರಿಸುತ್ತಿದ್ದ ಆಸ್ಟ್ರೇಲಿಯಾದ ಕಲಾವಿದರು. ಅಮೆರಿಕದ ಪೋಸ್ಟರ್ ಆಗ 27 ಅಂಗುಲ ಅಗಲ, 41 ಅಂಗುಲ ಎತ್ತರ. ಆಸ್ಟ್ರೇಲಿಯಾದ ‘ಡೇಬಿಲ್’ ಎಂಬ ಪೋಸ್ಟರ್ ಎರಡನೇ ಮಹಾಯುದ್ಧದ ನಂತರ ಸುಮಾರು 13 ಅಂಗುಲ ಅಗಲ, 30 ಅಂಗುಲ ಎತ್ತರ. ಯುದ್ಧಕಾಲದ ಕಾಗದದ ಬರಕ್ಕೆ ಅಗಲ 10ಕ್ಕೂ ಇಳಿದಿತ್ತು. ಎತ್ತರ ಮುಕ್ಕಾಲು ಉಳಿದರೆ ಅಗಲ ಅರ್ಧಕ್ಕರ್ಧ ಖೋತಾ. ಸುಮ್ಮನೆ ಕುಗ್ಗಿಸಿದರೆ ಆಗದು, ಕೈಯಲ್ಲೇ ಮತ್ತೆ ಬಿಡಿಸಬೇಕು. ಲಿಥೋ ಅಚ್ಚಿನಲ್ಲಿ ಬಣ್ಣಕ್ಕೊಂದು ಪ್ಲೇಟು, ಪ್ಲೇಟಿಗಿಷ್ಟು ಖರ್ಚು. ಹಳದಿಯ ಮೇಲೆ ಕೆಂಪು ಬಿದ್ದಲ್ಲಿ ಕೇಸರಿ ಪುಕ್ಕಟೆ! ಕಪ್ಪನ್ನು ಚುಕ್ಕಿ ಚುಕ್ಕಿಯಾಗಿ ಉದುರಿಸಿದರೆ ಬೂದು ಬಣ್ಣವೂ ದಕ್ಕಿತು.

ನಾನು ಮತ್ತೆ ಮತ್ತೆ ಕೈಗೆತ್ತಿಕೊಳ್ಳುವುದು 1937ರ ‘ಎಲಿಫೆಂಟ್ ಬಾಯ್’. ಅದರ ನಾಯಕ ಸಾಬು ನಮ್ಮ ಮೈಸೂರು ಸೀಮೆಯ ಕಾರಾಪುರದವನು, ಮಾವುತನ ಮಗ. ಇಲ್ಲಿಗೆ ಬಂದ ರಾಬರ್ಟ್ ಫ್ಲಾಹರ್ಟಿಯ ಚಿತ್ರತಂಡದ ಕಣ್ಣಿಗೆ ಬಿದ್ದು ಲಂಡನ್ ಕಂಡ, ಹಾಲಿವುಡ್ಡಿಗೂ ಹೋದ. 1942ರ ‘ಜಂಗಲ್ ಬುಕ್’ನಲ್ಲಿ ಮೌಗ್ಲಿಯಾದ.

ಪಕ್ಕಕ್ಕೆ ತಿರುಗಿ ನಿಂತ ಆನೆ ಡೇಬಿಲ್ ಅಳತೆಗೆ ಜಪ್ಪಯ್ಯ ಎಂದರೂ ಒಗ್ಗುವುದಿಲ್ಲ. ಸೊಂಡಿಲು ಹಿಡಿಸಿದರೆ ಬಾಲ ಹೊರಗೆ. ಎರಡೂ ಹಿಡಿಸಿದರೆ ಮೇಲಿನ ಹುಡುಗ ಕಣ್ಣಿಗೇ ಕಾಣ. ಉಪಾಯ ನಮ್ಮ ರಸ್ತೆಯಲ್ಲೇ ಇತ್ತು. ವಿಜಯದಶಮಿಯಂದು ಜಂಬೂಸವಾರಿ ಬನ್ನಿಮಂಟಪ ಮುಟ್ಟುವಾಗ, ಜನರ ತಲೆಗಳ ಸಂದಿಯಲ್ಲಿ ಆನೆ ಕಾಣುವುದು ಎದುರಿನಿಂದ: ಮೇಲೆ ಅಂಬಾರಿ, ಕೆಳಗೆ ಹಣೆ, ಎರಡು ದಂತ, ನೆಟ್ಟಗೆ ಇಳಿದ ಸೊಂಡಿಲು. ಎಲ್ಲವೂ ಉದ್ದಕ್ಕೆ! ಆ ಭಂಗಿಯನ್ನೇ ಎತ್ತಿಕೊಂಡು, ಅಂಬಾರಿ ಇಳಿಸಿ ಸಾಬುವನ್ನು ಹತ್ತಿಸಿದೆ.

ಇನ್ನು ಅಕ್ಷರ. ಇಂಗ್ಲಿಷಿನದನ್ನು ಹಿಂಡಿದರೂ ನಿಂತೀತು. ನಮ್ಮ ದುಂಡಕ್ಷರ ಹಿಂಡಿದರೆ ಮುಖ ಸೊಟ್ಟಗಾಗುತ್ತದೆ. ಹಾಗಾಗಿ ‘ಎಲಿಫೆಂಟ್’ ಒಂದು ಸಾಲು, ಅದರಡಿ ಎರಡರಷ್ಟು ದಪ್ಪಕ್ಕೆ ‘ಬಾಯ್’.

ಇದನ್ನು ನಕಲು ಎಂದು ಮೂಗು ಮುರಿಯುವವರಿದ್ದಾರೆ. ನಕಲು ಮಾಡುವವನಿಗೆ ಮೂಲದ ಒಂದು ಗೆರೆ ಬಿಡುವ ಹಕ್ಕೂ ಇಲ್ಲ. ಡೇಬಿಲ್ ಬಿಡಿಸುವವನಿಗೆ ಬಿಡದೆ ಗತಿಯೇ ಇಲ್ಲ. ಹಾಳೆಯಿಂದ ಯಾರು ಹೊರಬಿದ್ದರು, ಯಾರು ಉಳಿದರು ಎಂದು ನೋಡಿದರೆ, ಅವನ ಮಟ್ಟಿಗೆ ಸಿನಿಮಾ ಯಾರದೆಂಬುದು ಗೊತ್ತಾಗುತ್ತದೆ. ನನ್ನ ಪೋಸ್ಟರಿನಿಂದ ಬಿಳಿ ಸಾಹೇಬರು ಹೋದರು, ಕಾಡೂ ಹೋಯಿತು. ಸಾಬು ಉಳಿದ, ಆನೆ ಉಳಿಯಿತು. ಮೈಸೂರಿನವನ ಪಕ್ಷಪಾತ ಎಂದರೆ ತಕರಾರಿಲ್ಲ.